ಅಮೆರಿಕದ ಕಾಲೇಜು ಆಟಗಾರರಿಗೆ ಕೋರ್ಟ್ ಸಂಬಳ ಕೊಡಿಸಿತಾ?

'ಕಾಲೇಜು ಆಟಗಾರರಿಗೆಲ್ಲ ಸಂಬಳ ಕೊಡಿ ಅಂತ 2021ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ' ಎಂಬ ಮಾತು ಓಡಾಡುತ್ತಿದೆ. ಹಾಗೇನೂ ಆಗಿಲ್ಲ. ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಇಷ್ಟೇ: ಲ್ಯಾಪ್‌ಟಾಪ್, ಇಂಟರ್ನ್‌ಶಿಪ್‌ನಂಥ ಓದಿನ ಸವಲತ್ತುಗಳಿಗೆ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಮಿತಿ ಹಾಕುವಂತಿಲ್ಲ. ಅದೇ ವರ್ಷದ ಜುಲೈನಿಂದ ಆಟಗಾರರು ಜಾಹೀರಾತಿನಲ್ಲಿ ಕಾಣಿಸಿಕೊಂಡು ದುಡಿಯಲು ಶುರುಮಾಡಿದರು, ನಿಜ. ಆದರೆ ಆ ದುಡ್ಡು ಹೊರಗಿನವರದ್ದು, ಕಾಲೇಜಿನದ್ದಲ್ಲ ಅಲ್ವಾ?

ಕಾಲೇಜೇ ನೇರವಾಗಿ ಹಣ ಕೊಡಲು ದಾರಿಯಾದದ್ದು 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯಿಂದ; ಅದು ಈಜುಗಾರ ಗ್ರಾಂಟ್ ಹೌಸ್ ಮತ್ತಿತರರು ಎನ್‌ಸಿಎಎ ವಿರುದ್ಧ ಹೂಡಿದ್ದ 'ಹೌಸ್' ಪ್ರಕರಣ. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2.05 ಕೋಟಿ ಡಾಲರ್. ಅದು ಗರಿಷ್ಠ ಮಿತಿ, ಕೊಡಲೇಬೇಕೆಂದೇನಿಲ್ಲ. ಆಟಗಾರರನ್ನು ನೌಕರರೆಂದು ಈ ರಾಜಿ ಒಪ್ಪಿಲ್ಲ. ಜಾಸ್ತಿ ಪಾಲು ಹೋಗುವುದು ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ. ಈಜುವವರ ಕೈಗೆ ಬರುವುದು ಪುಡಿಗಾಸು, ಅದೂ ಬಂದರೆ.