ಗದ್ದಲದಲ್ಲಿ ಕಿವಿ ಬಾಗಿಲು ಹಾಕಿಕೊಳ್ಳುವುದಿಲ್ಲ

ಕೊಡಗಿನ ಕೆಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ. ಗದ್ದಲದಲ್ಲಿ ಕಿವಿ ಬೇಡದ ದನಿಗಳನ್ನು ತಡೆದು ಬೇಕಾದವರ ಮಾತನ್ನಷ್ಟೇ ಮಿದುಳಿಗೆ ಕಳಿಸುತ್ತದಂತೆ. ಮಾತು ತಿಳಿಯದವರಿಗೆ ಗಮನ ಸಾಲದಂತೆ. ಎರಡೂ ಸರಿಯಲ್ಲ.

ವಿರಾಜಪೇಟೆಯ ಯಾವುದಾದರೂ ಮದುವೆ ನೆನಪಿಸಿಕೊಳ್ಳಿ. ಒಂದು ಕಡೆ ವಾಲಗ, ಇನ್ನೊಂದು ಕಡೆ ಕಾಫಿ ರೇಟಿನ ಮಾತು, ಪಕ್ಕದಲ್ಲಿ ಅತ್ತೆಯ ಪ್ರಶ್ನೆ. ಇಷ್ಟೂ ಸದ್ದು ಕಲಸಿಕೊಂಡೇ ಕಿವಿಯೊಳಗೆ ಹೋಗುತ್ತದೆ. ಬಿಡಿಸುವ ಕೆಲಸ ಬಹುಪಾಲು ಮಿದುಳಿನದು. ದನಿಯ ಏರಿಳಿತ, ಬರುವ ದಿಕ್ಕು, ತುಟಿಯ ಆಟ, ಎಲ್ಲವೂ ಅದಕ್ಕೆ ಸುಳಿವು.

2012ರಲ್ಲಿ ನಿಮಾ ಮೆಸ್ಗರಾನಿ ಮತ್ತು ಎಡ್ವರ್ಡ್ ಚಾಂಗ್ ಎಂಬ ಸಂಶೋಧಕರು ಇದನ್ನು ನೇರವಾಗಿ ನೋಡಿದರು. ಮೂರ್ಛೆರೋಗದ ಚಿಕಿತ್ಸೆಗೆಂದು ಮಿದುಳಿನ ಮೇಲೆ ಎಲೆಕ್ಟ್ರೋಡ್ (ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಸಾಧನ) ಇಟ್ಟಿದ್ದ ರೋಗಿಗಳಿಗೆ ಇಬ್ಬರ ಮಾತನ್ನು ಒಟ್ಟಿಗೆ ಕೇಳಿಸಿದರು. ಕೇಳುವ ಭಾಗದ ಸಂಕೇತಗಳಲ್ಲಿ ರೋಗಿ ಗಮನ ಕೊಟ್ಟವರ ಮಾತೇ ಎದ್ದು ಕಂಡಿತು. ಹಾಗಂತ ಉಳಿದ ದನಿ ಪೂರ್ತಿ ಅಳಿಸಿಹೋಗುವುದಿಲ್ಲ. 1959ರಲ್ಲಿ ಮನಶ್ಶಾಸ್ತ್ರಜ್ಞ ನೆವಿಲ್ ಮೊರೆ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದಕ್ಕೆ ಮಾತ್ರ ಗಮನ ಕೊಡಲು ಹೇಳಿದ ಪ್ರಯೋಗದಲ್ಲಿ, ಗಮನ ಕೊಡದ ಕಿವಿಗೆ ಬಿದ್ದ ತಮ್ಮ ಹೆಸರನ್ನು ಸುಮಾರು ಮೂರರಲ್ಲಿ ಒಬ್ಬರು ಗುರುತಿಸಿದ್ದರು. ಎಲ್ಲರೂ ಅಲ್ಲ, ಅದೂ ಮುಖ್ಯ.

ಇನ್ನು ಸಂದೇಶದ ಎರಡನೇ ಮಾತು, ಗಮನ ಸಾಲದು ಅನ್ನೋದು. ನನಗೆ ಸಿಟ್ಟು ಬಂದಿದ್ದೇ ಇದಕ್ಕೆ. ವಯಸ್ಸಾದಂತೆ, ಅಥವಾ ಒಂದು ಕಿವಿ ಮಂದವಾದಾಗ, ಆ ಸುಳಿವುಗಳೇ ಮಸುಕಾಗುತ್ತವೆ. ಮನೆಯಲ್ಲಿ ಚೆನ್ನಾಗಿ ಕೇಳುವ ಅಜ್ಜ ಗೋಣಿಕೊಪ್ಪ ಸಂತೆಯಲ್ಲಿ "ಆಂ?" ಅಂದರೆ ಅದು ಉದಾಸೀನ ಅಲ್ವೇ ಅಲ್ಲ. ಸುಮ್ನೆ ಕೂಗಬೇಡಿ, ಎದುರಿಗೆ ನಿಂತು ನಿಧಾನವಾಗಿ ಹೇಳಿ. ತೊಂದರೆ ಜಾಸ್ತಿ ಆದರೆ ಕಿವಿ ಪರೀಕ್ಷೆ ಮಾಡಿಸಿ.