ಎಷ್ಟು ಕೆಜಿ ಇಳಿದೆ ಅಂತ ಮಾತ್ರ ಕೇಳಬೇಡಿ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ದಾವಣಗೆರೆಗೆ ಬಂದವರಿಗೆ ನಮ್ಮ ಜನ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಕೆಜಿ ಇಳಿದ್ಯವ್ವಾ?" ಇಪ್ಪತ್ತು ಅಂದರೆ ಖುಷಿ, ಮೂವತ್ತು ಅಂದರೆ ಇನ್ನೂ ಖುಷಿ. ಇಳಿದದ್ದು ಕೊಬ್ಬೋ, ಮಾಂಸಖಂಡವೋ ಅಂತ ಯಾರೂ ಕೇಳುವುದಿಲ್ಲ. ನಾನು ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು, ಊರಿನಲ್ಲಿ ನನ್ನ ದೊಡ್ಡಕ್ಕ, ಇಬ್ಬರೂ ಸ್ಲೀವ್ ಆಪರೇಷನ್ ಮಾಡಿಸಿಕೊಂಡರು. ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು ಸಣ್ಣ ಕೊಳವೆಯಷ್ಟು ಉಳಿಸುವ ಆಪರೇಷನ್ ಅದು. ಆಪರೇಷನ್ ಇಬ್ಬರಿಗೂ ಚೆನ್ನಾಗಿಯೇ ಆಯಿತು. ವ್ಯತ್ಯಾಸ ಕಂಡದ್ದು ಆಮೇಲೆ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಒಂದು ಮಾರ್ಗಸೂಚಿ ಇದೆ. ಆಪರೇಷನ್ ಆದ ಮೇಲೆ ಕನಿಷ್ಠ 2 ವರ್ಷ ಅದೇ ತಂಡ ರೋಗಿಯನ್ನು ನೋಡಿಕೊಳ್ಳಬೇಕು. ಅಲ್ಲಿಂದ ಮುಂದೆ ಬದುಕಿರುವ ತನಕ ವರ್ಷಕ್ಕೊಮ್ಮೆಯಾದರೂ ಪೋಷಕಾಂಶಗಳ ತಪಾಸಣೆ ಆಗಬೇಕು. ನನ್ನ ಸಹೋದ್ಯೋಗಿಗೆ ಡಯಟಿಷಿಯನ್ ಫೋನ್ ಮಾಡಿ ಕೇಳುತ್ತಿದ್ದದ್ದು ತೂಕ ಒಂದನ್ನೇ ಅಲ್ಲ. ನಿನ್ನೆ ಪ್ರೋಟೀನ್ ಎಷ್ಟು ತಿಂದಿರಿ, ಕುರ್ಚಿಯಿಂದ ಕೈ ಊರದೆ ಏಳುತ್ತೀರಾ, ಮಾತ್ರೆ ತಪ್ಪಿಸಿಲ್ಲ ತಾನೇ, ಎಲ್ಲವನ್ನೂ ವಿಚಾರಿಸುತ್ತಿದ್ದರು. ಅಕ್ಕನಿಗೆ ಡಿಸ್ಚಾರ್ಜ್ ದಿನ ಸಿಕ್ಕಿದ್ದು ಇಂಗ್ಲಿಷಿನಲ್ಲಿದ್ದ ಒಂದು ಹಾಳೆ. ಹೊಲಿಗೆ ನೋಡಿದ ಮೇಲೆ ಯಾರೂ ಕರೆಯಲಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಇಳಿದ ತೂಕವೆಲ್ಲ ಕೊಬ್ಬಲ್ಲ. ಹತ್ತು ಕಿಲೋ ಇಳಿದರೆ ಅದರಲ್ಲಿ ಸುಮಾರು ಎರಡರಿಂದ ಮೂರು ಕಿಲೋ ಕೊಬ್ಬಲ್ಲದ ಭಾಗ. ಸ್ನಾಯು, ನೀರು ಎಲ್ಲ ಅದರಲ್ಲಿ ಸೇರುತ್ತದೆ. ಈ ನಷ್ಟ ಜಾಸ್ತಿ ಆಗುವುದು ಮೊದಲ ಕೆಲವು ತಿಂಗಳಲ್ಲಿ, ಊಟ ತೀರಾ ಕಡಿಮೆ ಇರುವಾಗ. ಸ್ನಾಯು ಅಂದರೆ ಬರೀ ತೋಳಿನ ಶಕ್ತಿಯಲ್ಲ. ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುವ ದೊಡ್ಡ ಜಾಗ ಅದೇ. ಅದು ಕರಗಿದರೆ ಮೈ ಖರ್ಚು ಮಾಡುವ ಶಕ್ತಿಯೂ ತಗ್ಗುತ್ತದೆ, ಹೋದ ತೂಕ ವಾಪಸ್ ಬರುವುದು ಸಲೀಸಾಗುತ್ತದೆ. ಐವತ್ತು ದಾಟಿದ ಹೆಂಗಸರಿಗಂತೂ ಮೂಳೆಯ ಚಿಂತೆಯೂ ಸೇರಿಕೊಳ್ಳುತ್ತದೆ. ದಾವಣಗೆರೆ ಗರಡಿ ಮನೆಗಳ ಊರು. ಗರಡಿಗೆ ಹೋಗುವ ಹುಡುಗ ಸೊರಗಿ ಹತ್ತು ಕಿಲೋ ಇಳಿದರೆ ಉಸ್ತಾದರು ಶಭಾಷ್ ಅನ್ನುತ್ತಾರಾ? ಆ ತಿಳಿವಳಿಕೆ ನಮ್ಮ ಅಕ್ಕ ತಂಗಿಯರ ವಿಷಯದಲ್ಲಿ ಯಾಕೆ ಇಲ್ಲ?

ಊಟದ ಮಾತಿಗೆ ಬರೋಣ. ಈ ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಹಲವರಿಗೆ 80 ಗ್ರಾಂ ತನಕ. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಅಕ್ಕ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಅಂತ ನಮಗೆಲ್ಲ ಗೊತ್ತು. ಜಠರವೇ ಅಷ್ಟು ಚಿಕ್ಕದಾದ ಮೇಲೆ ಮೊದಲ ತುತ್ತು ಯಾವುದು ಅನ್ನುವುದು ದೊಡ್ಡ ವಿಷಯ. ಅರ್ಧ ಬೆಣ್ಣೆ ದೋಸೆ, ಎರಡು ಚಮಚ ಆಲೂಗಡ್ಡೆ ಪಲ್ಯ ಹೋದರೆ ಜಾಗ ಮುಗಿಯಿತು, ಪ್ರೋಟೀನಿಗೆ ಎಡೆ ಇಲ್ಲ. ಮಂಡಕ್ಕಿ ಇನ್ನೂ ಮೋಸ. ಪನೀರ್, ಕಾಳು ಹೊಟ್ಟೆಯಲ್ಲಿ ನಿಲ್ಲುತ್ತವೆ, ಬೇಗ ಸಾಕು ಅನ್ನಿಸುತ್ತವೆ. ಮಂಡಕ್ಕಿ ಹಾಗಲ್ಲ, ಮೆತ್ತಗಾಗಿ ಸಲೀಸಾಗಿ ಇಳಿದುಬಿಡುತ್ತದೆ. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಿಡಿ ಅಂದರೆ ನಮ್ಮೂರವರಿಗೆ ಸಂಕಟ ಅಂತ ಬಲ್ಲೆ. ಆದರೂ ಮೊದಲ ವರ್ಷ ಅದು ದಿನಾ ತಟ್ಟೆಗೆ ಬರಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬದಲಿಗೆ ನಮ್ಮ ಅಡುಗೆಮನೆಯಲ್ಲಿ ಏನಿಲ್ಲ ಹೇಳಿ! ಗಟ್ಟಿ ಮೊಸರು, ಮನೆಯಲ್ಲೇ ಹಾಲು ಒಡೆಸಿ ಮಾಡಿದ ಪನೀರ್, ನುಣ್ಣಗೆ ಬೇಯಿಸಿ ಕಿವುಚಿದ ಹೆಸರುಬೇಳೆ, ಸೋಯಾ, ಮೊಳಕೆ ಕಟ್ಟಿ ಮೆತ್ತಗೆ ಬೇಯಿಸಿದ ಹುರುಳಿಕಾಳು. ಶೇಂಗಾದಲ್ಲಿ ನೂರು ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಎಣ್ಣೆಯಂಶ ಅದಕ್ಕಿಂತಲೂ ಜಾಸ್ತಿ, ಹಾಗಾಗಿ ಚಟ್ನಿಪುಡಿಯ ಲೆಕ್ಕದಲ್ಲಿ ಸಾಕು. ಮೊದಲು ಇವು, ಜಾಗ ಉಳಿದರೆ ರೊಟ್ಟಿಯ ಚೂರು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು.

ಇಂಗ್ಲೆಂಡಿನಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಆಪರೇಷನ್ನಿಗೆ ಇಲ್ಲಿ ತುಂಬಾ ಕಾಯಬೇಕು. ಕಾಯಲಾರದೆ ಟರ್ಕಿಗೆ ಹೋಗಿ ಮಾಡಿಸಿಕೊಂಡು ಬಂದವರಿಗೆ ಆಮೇಲೆ ಕೇಳುವವರು ಇರುವುದಿಲ್ಲ. ನನ್ನ ಸಹೋದ್ಯೋಗಿ ಒಂಟಿಯಾಗಿ ಪ್ರೋಟೀನ್ ಪುಡಿ ಕಲಸಿಕೊಂಡು ಕುಡಿಯುತ್ತಾರೆ. ಅಕ್ಕನಿಗೆ ಬೇಳೆ ಕಿವುಚಿ ಕೊಡಲು ಸೊಸೆ ಇದ್ದಾಳೆ. ಆದರೆ ಅದೇ ಮನೆಗೆ ಬಂದ ನೆಂಟರು "ಎಷ್ಟು ಸೊರಗೀಯವ್ವಾ, ಮುಖ ಬಾಡೇತಿ, ಇನ್ನೊಂದ್ ಹೋಳಿಗೆ ತಿನ್ನು" ಅಂತ ಒತ್ತಾಯ ಮಾಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಕೆಡುಕೂ ಅದರಿಂದಲೇ ಆಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ನೇರ ಕರುಳಿಗೆ ಜೋಡಿಸುವ ಇನ್ನೊಂದು ಬಗೆಯ ಆಪರೇಷನ್, ಆದವರಿಗಂತೂ ಸಿಹಿ ಜಾಸ್ತಿಯಾದರೆ ಎದೆ ಬಡಿತ, ಬೆವರು, ಭೇದಿ ಶುರುವಾಗಬಹುದು.

ಅಕ್ಕ ಬೆಳಗ್ಗೆ ಕುಂದವಾಡ ಕೆರೆಯ ಮೇಲೆ ವಾಕಿಂಗ್ ಹೋಗುತ್ತಾಳೆ. ಒಳ್ಳೆಯದೇ. ಆದರೆ ಸ್ನಾಯು ಉಳಿಯಬೇಕಾದರೆ ನಡಿಗೆ ಸಾಲದು, ಅದಕ್ಕೆ ಭಾರ ಬೀಳಬೇಕು. ಡಾಕ್ಟರು ಒಪ್ಪಿದ ಮೇಲೆ ಕುರ್ಚಿ ಹಿಡಿದು ಬಸ್ಕಿ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು, ಇಷ್ಟರಿಂದ ಶುರು ಮಾಡಬಹುದು.

ಮೂರು ತಿಂಗಳ ಹೊತ್ತಿಗೆ ಅವಳ ಕೂದಲು ಉದುರತೊಡಗಿತು. ಮನೆಯವರೆಲ್ಲ ಎಣ್ಣೆ ಬದಲಾಯಿಸಿ ನೋಡಿದರು. ತೂಕ ವೇಗವಾಗಿ ಇಳಿದಾಗ ಹೀಗೆ ಆಗುವುದು ಸಾಮಾನ್ಯ, ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತದೆ. ಆದರೆ ಪ್ರೋಟೀನ್, ಕಬ್ಬಿಣದ ಕೊರತೆ ಇದೆಯಾ ಅಂತ ನೋಡಲೇಬೇಕು. ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಕೂಡ. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ ಇರುತ್ತದೆ, ಜಠರ ಚಿಕ್ಕದಾದ ಮೇಲೆ ಊಟದಿಂದ ಅದು ಮೈಗೆ ಹತ್ತುವುದು ಇನ್ನೂ ಕಷ್ಟ. ಎರಡು ಮೆಡಿಕಲ್ ಕಾಲೇಜು ಇರುವ ಊರಿನಲ್ಲಿ ವರ್ಷಕ್ಕೊಂದು ರಕ್ತ ಪರೀಕ್ಷೆ ಮಾಡಿಸುವುದು ಕಷ್ಟದ ಕೆಲಸವಲ್ಲ. ಮಾಡಿಸಿ ಅಂತ ನೆನಪಿಸುವವರು ಬೇಕು, ಅಷ್ಟೇ.

ಆಪರೇಷನ್ ಮಾಡುವ ಡಾಕ್ಟರುಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಕನ್ನಡದಲ್ಲಿ ಒಂದು ಹಾಳೆ ಕೊಡಿ. ಒಂದು ಪ್ರತಿ ಮನೆಗೆ, ಒಂದು ಪ್ರತಿ ಆ ಬೀದಿಯ ಫ್ಯಾಮಿಲಿ ಡಾಕ್ಟರಿಗೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತು ಇರಲಿ: ಈ ರೋಗಿಗೆ ಕೆಲವು ದಿನ ಬಿಡದೆ ವಾಂತಿಯಾದರೆ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬೇಗ ಖಾಲಿಯಾಗುತ್ತದೆ. ಸುಸ್ತು ಅಂತ ಹೋದ ಕೂಡಲೇ ಗ್ಲೂಕೋಸ್ ಬಾಟಲಿ ಹಾಕುವುದು ನಮ್ಮಲ್ಲಿ ರೂಢಿ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಥಯಾಮಿನ್ ಇಂಜೆಕ್ಷನ್ ಮೊದಲು, ಬಾಟಲಿ ಆಮೇಲೆ.