ದುಡಿಗೆ ಮೂರು ನಿಮಿಷ

ಗಣ್ಯರು ಬರುವ ಸಮಾರಂಭದ ಆ ಆಮಂತ್ರಣ ಪತ್ರಿಕೆ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಗಣ್ಯರ ಹೆಸರು ಎರಡು ಪುಟ. ಕೊನೆಯಲ್ಲಿ, ಪ್ರೆಸ್ಸಿನವರ ಹೆಸರಿಗಿಂತ ತುಸುವೇ ದಪ್ಪಕ್ಷರದಲ್ಲಿ: ‘ವಿವಿ ವಿದ್ಯಾರ್ಥಿಗಳಿಂದ ಜಾನಪದ ಗಾಯನ, 3 ನಿಮಿಷ’.

ಮೂರು ನಿಮಿಷ! ಎಂಥ ಧಾರಾಳ. ನಾವು ಕೊಡವರು ದುಡಿ ಎಂಬ ಪುಟ್ಟ ವಾದ್ಯ ಬಡಿದು ಹಾಡುವ ದುಡಿಕೊಟ್ಟ್ ಪಾಟ್‌ನಲ್ಲಿ ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಮತ್ತೆ ಹೇಳಬೇಕು. ಮೊದಲು ದೇವರು ಬಾಳಲಿ, ಆಮೇಲೆ ನಾಡು ಬಾಳಲಿ. ಈ ಹಾಡನ್ನು ಬಾಳೋ ಪಾಟ್ ಅನ್ನುವುದು ಸುಮ್ನೆ ಅಲ್ಲ. ಮೂರು ನಿಮಿಷಕ್ಕೆ ದೇವರಿಗೆ ಕೈಮುಗಿದೇ ಮುಗಿಯುವುದಿಲ್ಲ, ಕಥೆ ಎಲ್ಲಿಂದ ಬರಬೇಕು? ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ಹಾಡುಗಳನ್ನೆಲ್ಲ ಸೇರಿಸಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದು ನಮ್ಮ ಪುಣ್ಯ. ಈಗಿನ ಸಮಿತಿಗಳ ಕೈಗೆ ಸಿಕ್ಕಿದ್ದರೆ ಒಂದು ಹಾಳೆಯಲ್ಲಿ ಮುಗಿಸಿ ಅನ್ನುತ್ತಿದ್ದರು.

ನನ್ನ ಅಣ್ಣನ ಮಗ ಆ ತಂಡದಲ್ಲಿದ್ದಾನೆ. ವಿವಿಯ ಹೆಸರು ಬೇಡ. ಹಾಡಿನ ಸಾಹಿತ್ಯವನ್ನು ಮೂರು ಪ್ರತಿ, ಕನ್ನಡ ಅರ್ಥದ ಸಮೇತ, ಮೊದಲೇ ಕೊಡಬೇಕಂತೆ. ‘ಆಕ್ಷೇಪಾರ್ಹ ಏನೂ ಇಲ್ಲ’ ಅಂತ ಕೆಳಗೆ ಸಹಿ ಬೇರೆ. ಕುಪ್ಯಚೇಲೆ, ಅಂದರೆ ನಮ್ಮ ಉದ್ದ ಕೋಟು, ಸೊಂಟದ ಪಟ್ಟಿ, ಕಡ್ಡಾಯ. ಆದರೆ ಭದ್ರತೆಯ ಕಾರಣ ಸೊಂಟದ ಪೀಚೆಕತ್ತಿ ಗೇಟಿನಲ್ಲೇ ಬಿಡಬೇಕು. ಕೊಡವರ ಕೋವಿಗೆ 2029ರವರೆಗೂ ಲೈಸೆನ್ಸ್ ಬೇಡ ಅಂತ ಕೇಂದ್ರವೇ ಹೇಳಿದೆ. ಹಾಡಿಗೆ ಮಾತ್ರ ಬೇಕು.

ಈ ಸಮಿತಿಯವರು ಒಮ್ಮೆ ಕೊಡಗಿನ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಿಬರಬೇಕು. ಮೇ ತಿಂಗಳು. ಜೇನುಕುರುಬರು, ಯರವರು ಹೆಣ್ಣುವೇಷ ಹಾಕಿ, ಡಬ್ಬ ಬಡಿದುಕೊಂಡು, ದೇವರಿಂದ ಹಿಡಿದು ದಾರಿಹೋಕರವರೆಗೆ ಎಲ್ಲರನ್ನೂ ಹಾಡಿನಲ್ಲೇ ಬೈಯುತ್ತಾರೆ. ಬೈಸಿಕೊಂಡವರು ಮೇಲಿಂದ ದುಡ್ಡೂ ಕೊಡಬೇಕು. ದೇವರೇ ಬೈಸಿಕೊಂಡು ಸುಮ್ಮನಿರುತ್ತಾನೆ. ಅವನಿಗೆ ಸಾಂಸ್ಕೃತಿಕ ಸಮಿತಿ ಇಲ್ಲ ನೋಡಿ. ಮೂರು ಪ್ರತಿ ಅಲ್ಲಿ ಯಾರಿಗೆ ಕೊಡಬೇಕು ಅಂತ ನಾನು ಬಹಳ ಹೊತ್ತು ಯೋಚಿಸಿದೆ.

ಸಮಾರಂಭಕ್ಕೆ ನಾನೂ ಹೋಗಿದ್ದೆ. ಹತ್ತೂವರೆಗೆ ಬರಬೇಕಿದ್ದ ಗಣ್ಯರು ಒಂದೂಕಾಲಿಗೆ ಬಂದರು. ಅಲ್ಲಿಯವರೆಗೆ ಹುಡುಗರು ಕಪ್ಪು ಕುಪ್ಯದಲ್ಲಿ, ಬಿಸಿಲಿನಲ್ಲಿ, ಬಾಳೆಕಂಬದ ಪಕ್ಕ ಇನ್ನೊಂದು ಬಾಳೆಕಂಬದ ಹಾಗೆ. ಕಾರು ಬಂತು, ದುಡಿ ಶುರುವಾಯಿತು. ಎರಡನೇ ಸಾಲಿಗೇ ನಿರೂಪಕಿ ‘ಸಮಯದ ಅಭಾವದಿಂದ’ ಅಂದರು. ಆಮೇಲೆ ಜಾನಪದ ಉಳಿಸಬೇಕು ಅಂತ ನಲವತ್ತು ನಿಮಿಷ ಭಾಷಣ. ನಗು ಬರಲಿಲ್ಲ ನನಗೆ. ಮಕ್ಕಳಿಗೆ ಊಟದ ಕೂಪನ್ ಸಹ ಕೊಟ್ಟಿರಲಿಲ್ಲ ಕಣ್ರೀ. ನಾಚಿಕೆಯಾಗಬೇಕು.

ಚಿಕ್ಕ ಅಳುವಾರದ ನಮ್ಮ ಕೊಡಗು ವಿವಿಯನ್ನೂ ಸೇರಿಸಿ ಒಂಬತ್ತು ಹೊಸ ವಿವಿ ಮುಚ್ಚಬಹುದು ಅಂತ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೇಳಿತ್ತಲ್ಲ, ದುಡ್ಡಿನ ತೊಂದರೆ ಅಂತ. ಮುಚ್ಚುವ ದಿನ ಬಂದರೂ ಬಾಗಿಲಲ್ಲಿ ಜಾನಪದ ತಂಡ ನಿಲ್ಲಿಸಿಯೇ ಬೀಗ ಹಾಕುತ್ತಾರೆ. ಸಾವಿನ ಮನೆಗೂ ನಮ್ಮಲ್ಲಿ ಪಾಟ್ ಇದೆ, ಚಿಂತೆಯಿಲ್ಲ.

ಸಂಜೆ ಗೋಣಿಕೊಪ್ಪದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ದುಡಿ ಕೇಳಿಸಿತು. ಉಳಿದ ಹಾಡು. ಕಂಡಕ್ಟರ್ ಹತ್ತಿರ ಹೋದಾಗ ನಿಲ್ಲಿಸುತ್ತಾರೆ ಅಂದುಕೊಂಡೆ. ಅವರು ಟಿಕೆಟ್ ಮಾತ್ರ ಕೇಳಿದರು.